ಥ್ರೋಬಾಲ್ ತಂಡದ ನಾಣ್ಯ

ಶಿವಾಜಿನಗರದಲ್ಲಿ ಟ್ರೋಫಿ, ಮೆಡಲ್, ನಾಣ್ಯ ಮಾಡಿಕೊಡುವ ಅಂಗಡಿಯೊಂದರಲ್ಲಿ ನಾನು ಡಿಸೈನ್ ಕೆಲಸ ಮಾಡುತ್ತೇನೆ. ಕಂಪನಿಯವರು, ಮ್ಯಾರಥಾನ್ ಓಡುವವರು, ನಿವೃತ್ತ ಸೈನಿಕರು ತಮ್ಮ ತಮ್ಮ ಗುಂಪಿನ ನೆನಪಿಗೆಂದು ಹಿತ್ತಾಳೆ ನಾಣ್ಯ ಹೊಡೆಸಿಕೊಳ್ಳುತ್ತಾರೆ. ಹೋದ ವರ್ಷ ಅಂಥ ಒಂದು ಕೆಲಸ ನನ್ನ ಶಾಲೆಯ ಥ್ರೋಬಾಲ್ ತಂಡದಿಂದಲೇ ಬಂತು.

ಹಲಸೂರಿನ ಹೆಣ್ಣುಮಕ್ಕಳ ಶಾಲೆ ನಮ್ಮದು. ಆಗ ಕ್ಯಾಪ್ಟನ್ ಆಗಿದ್ದವಳು ಈಗ ಇಂದಿರಾನಗರದಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆ. ಹಳೆಯ ತಂಡವನ್ನೆಲ್ಲ ವಾಟ್ಸ್ಯಾಪಿನಲ್ಲಿ ಹುಡುಕಿ ಸೇರಿಸಿ, ಒಂದು ದಿನ ಎಲ್ಲರೂ ಸಿಗೋಣ, ಪಿ.ಟಿ. ಮಿಸ್ಸನ್ನೂ ಕರೆಯೋಣ, ಒಬ್ಬೊಬ್ಬರಿಗೂ ಒಂದೊಂದು ನಾಣ್ಯ ಕೊಡೋಣ ಎಂದು ಹೊರಟಳು. ನಾಣ್ಯದ ಒಂದು ಬದಿಯಲ್ಲಿ ಚೆಂಡು ಹಿಡಿದ ಕೈಗಳು, ಇನ್ನೊಂದು ಬದಿಯಲ್ಲಿ ಸುತ್ತಲೂ ನಮ್ಮ ಅಡ್ಡಹೆಸರುಗಳು.

ರಾಕೆಟ್, ಜಿಂಕೆ, ರಾಣಿ, ಹೀಗೆ ಉಳಿದವರ ಹೆಸರುಗಳು. ನನ್ನದು ಹಲ್ಲಿ. ಇಟ್ಟವರು ಮಿಸ್. ಒಂದು ಪಂದ್ಯದಲ್ಲಿ ಕೊನೆಯ ಚೆಂಡು ನನ್ನ ಕೈಯಿಂದ ಜಾರಿತ್ತು. ಮರುದಿನ ಅಸೆಂಬ್ಲಿಯಲ್ಲಿ ಇಡೀ ಶಾಲೆಯ ಮುಂದೆ ನನ್ನನ್ನು ಗೋಡೆಗೆ ಮುಖಮಾಡಿ, ಕೈಕಾಲು ಅಗಲಿಸಿ ನಿಲ್ಲಿಸಿದರು. "ನೋಡ್ರೇ, ಹಲ್ಲಿ. ಗೋಡೆ ಹಿಡ್ಕೊಳ್ಳತ್ತೆ, ಬಾಲ್ ಹಿಡಿಯಲ್ಲ" ಎಂದರು. ಶಾಲೆ ಬಿಡುವ ತನಕ ಯಾರೂ ನನ್ನನ್ನು ನನ್ನ ಹೆಸರಿನಿಂದ ಕರೆಯಲಿಲ್ಲ. ನಾನು ತರಗತಿಗೆ ಬಂದರೆ ಹಿಂದಿನ ಬೆಂಚಿನವರು ಹಲ್ಲಿಯ ಹಾಗೆ ಲೊಚಗುಟ್ಟುತ್ತಿದ್ದರು.

ನಾಣ್ಯದ ಮೇಲೆ ಆ ಅಡ್ಡಹೆಸರು ಬೇಡ ಎಂದು ಹೇಳಲು ಕ್ಯಾಪ್ಟನ್‌ಗೆ ಫೋನ್ ಮಾಡಿದೆ.

"ಏ, ಅದೆಲ್ಲ ಪ್ರೀತಿ ಕಣೇ. ಇಷ್ಟ್ ವರ್ಷ ಆದ್ಮೇಲೂ ಅದನ್ನೇ ಇಟ್ಕೊಂಡಿದ್ಯಾ? ಸ್ಪೋರ್ಟಿವ್ ಆಗಿರು."

ಆದರೂ ಆ ಹೆಸರು ಬಿಟ್ಟೇ ಡಿಸೈನ್ ಕಳಿಸಿದೆ. ಅವಳು ನೇರ ನನ್ನ ಮಾಲೀಕರಿಗೆ ಫೋನ್ ಮಾಡಿದಳು. ಅವರು ನನ್ನ ಮೇಜಿನ ಬಳಿ ಬಂದು, "ಮೇಡಂ, ಒಂದ್ ಹೆಸ್ರು ಬಿಟ್ಟೋಗಿದೆಯಂತೆ. ಹಲ್ಲಿ ಅಂತೆ. ಹಾಕ್ಬಿಡಿ, ಅಚ್ಚು ಆದ್ಮೇಲೆ ಬದಲಾಯ್ಸಕ್ಕಾಗಲ್ಲ" ಎಂದರು. ಅದು ಯಾರ ಹೆಸರೆಂದು ಅವರಿಗೆ ಗೊತ್ತಿರಲಿಲ್ಲ. ಹಾಕಿದೆ.

ಮಿಸ್‌ಗೆಂದು ಸ್ವಲ್ಪ ದೊಡ್ಡದೊಂದು ನಾಣ್ಯ. ಅದರ ಹಿಂಬದಿಯಲ್ಲಿ ಲೇಸರ್‌ನಿಂದ 'ನಮ್ಮ ಪ್ರೀತಿಯ ಮಿಸ್' ಎಂದು ಕೆತ್ತಬೇಕಿತ್ತು. ಆ ಯಂತ್ರ ನಡೆಸುವವಳು ನಾನೇ. 'ಚೌರಿ ಮಿಸ್' ಎಂದು ಕೆತ್ತಿದೆ. ನಾವು ಶಾಲೆಯಲ್ಲಿದ್ದಾಗಲೇ ಅವರ ಕೂದಲು ಉದುರಿತ್ತು, ಚೌರಿ ಸೇರಿಸಿ ಜಡೆ ಹೆಣೆದುಕೊಳ್ಳುತ್ತಿದ್ದರು. ಒಮ್ಮೆ ಆಟದ ನಡುವೆ ಅದು ಕಳಚಿ ಮೈದಾನದಲ್ಲಿ ಬಿದ್ದಿತ್ತು. ಅಂದಿನಿಂದ ಬೆನ್ನ ಹಿಂದೆ ಇಡೀ ಶಾಲೆ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಹಲ್ಲಿ ಅನ್ನುವುದು ಪ್ರೀತಿಯಾದರೆ ಇದೂ ಪ್ರೀತಿಯೇ. ಆ ನಾಣ್ಯವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುವಾಗ ನನಗೆ ಖುಷಿಯಾಗಿತ್ತು.

ಇಂದಿರಾನಗರದ ಹೋಟೆಲೊಂದರ ಮಹಡಿಯಲ್ಲಿ ಸೇರಿದೆವು. ಮಿಸ್ ಸೊಸೆಯ ಕೈ ಹಿಡಿದು ಬಂದರು. ತಲೆಗೆ ಸ್ಕಾರ್ಫ್ ಬಿಗಿಯಾಗಿ ಕಟ್ಟಿಕೊಂಡಿದ್ದರು. ಹುಬ್ಬು ಕೂಡ ಇರಲಿಲ್ಲ. "ಕೀಮೋ ನಡೀತಿದೆ. ಬೇಡ ಅಂದ್ರೂ ಕೇಳ್ದೆ ಬಂದ್ರು" ಎಂದು ಸೊಸೆ ಮೆಲ್ಲಗೆ ಹೇಳಿದಳು.

ಮಿಸ್ಸಿನ ನಾಣ್ಯದ ಡಬ್ಬಿ ಕ್ಯಾಪ್ಟನ್ ಪಕ್ಕದ ಕುರ್ಚಿಯ ಮೇಲಿತ್ತು. ಕೆತ್ತನೆ ಸರಿ ಬಂದಿಲ್ಲ, ಆಮೇಲೆ ಕೊಡೋಣ ಎಂದು ಅದನ್ನು ತೆಗೆದುಕೊಂಡುಬಿಡಬಹುದಿತ್ತು. ಎದ್ದು ಅತ್ತ ಹೊರಟೆ ಕೂಡ. ಅಷ್ಟರಲ್ಲಿ ಕ್ಯಾಪ್ಟನ್, "ಮಿಸ್, ಹಲ್ಲಿ ಬಂತು ನೋಡಿ!" ಎಂದು ಕೂಗಿದಳು. ಎಲ್ಲರೂ ನಕ್ಕರು. ಮಿಸ್ಸೂ ನಕ್ಕರು. ನಾನು ವಾಪಸ್ ಬಂದು ಕುಳಿತೆ.

ಕ್ಯಾಪ್ಟನ್ ಡಬ್ಬಿ ಕೊಟ್ಟಳು. ಮಿಸ್ ಕನ್ನಡಕ ಹಾಕಿಕೊಂಡು ನಾಣ್ಯದ ಮುಂಬದಿ ನೋಡಿ ಮೆಚ್ಚಿದರು. ತಿರುಗಿಸಿದರು. ಬಗ್ಗಿ ನೋಡಿದ ಕ್ಯಾಪ್ಟನ್ ಮುಖ ಬಿಳಿಚಿಕೊಂಡಿತು. "ಏನ್ ಬರ್ದಿದೆ ಮಿಸ್? ಜೋರಾಗ್ ಓದಿ!" ಎಂದು ಹಿಂದಿನಿಂದ ಯಾರೋ ಅಂದರು. ಅವರು ಜೋರಾಗಿಯೇ ಓದಿದರು. ಯಾರೂ ನಗಲಿಲ್ಲ.

"ಯಾರು ಮಾಡಿದ್ದು?"

"ನಾನು, ಮಿಸ್."

ಅವರು ಸ್ಕಾರ್ಫ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಸೊಸೆ ತಡೆಯಲು ಹೋದರೆ ಅವಳ ಕೈ ತಳ್ಳಿದರು.

"ನೀವೆಲ್ಲ ಹಾಗಂತಿದ್ರಿ ಅಂತ ಆಗ್ಲೇ ಗೊತ್ತಿತ್ತು ಕಣೇ. ಈಗ ಚೌರಿ ಕಟ್ಟಕ್ಕೂ ಒಂದ್ ಕೂದ್ಲಿಲ್ಲ. ನಾನು ಗಟ್ಟಿಯಾಗಿದ್ದಾಗ ಬಂದು ಮುಖದ ಮೇಲೆ ಹೇಳ್ಬೇಕಿತ್ತು. ಸಾಯಕ್ಕೆ ಬಿದ್ದಿರೋಳನ್ನ ನೋಡ್ಕೊಂಡು ಗೋಡೆಯಿಂದ ಇಳ್ದು ಬಂದಿದ್ಯಾ? ನಿನ್ ಹೆಸ್ರು ನಾನು ಸರಿಯಾಗೇ ಇಟ್ಟಿದ್ದೆ."

ಮೊದಲು ರಾಕೆಟ್ ನಕ್ಕಳು, ಆಮೇಲೆ ಉಳಿದವರು. ಯಾರೋ ಚಪ್ಪಾಳೆ ತಟ್ಟಿದರು.

ಊಟಕ್ಕೆ ನಿಲ್ಲಲಿಲ್ಲ. ಮೆಟ್ರೋ ಹತ್ತುವಷ್ಟರಲ್ಲಿ ನನ್ನನ್ನು ವಾಟ್ಸ್ಯಾಪ್ ಗುಂಪಿನಿಂದ ತೆಗೆದುಹಾಕಿದ್ದರು. ಮಿಸ್ಸಿಗೆ ಕಾಯಿಲೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಆದರೆ ಗೊತ್ತಾದ ಮೇಲೂ ನಾನು ವಾಪಸ್ ಹೋಗಿ ಕುಳಿತಿದ್ದೆ. ಪಶ್ಚಾತ್ತಾಪ ಆಗಬಹುದೆಂದು ಮನೆ ತಲುಪುವವರೆಗೆ ಕಾದೆ. ಆಗಲಿಲ್ಲ. ಅವರ ಮಾತಷ್ಟೇ ಉರಿಯುತ್ತಿತ್ತು.

ಕೆಲವು ತಿಂಗಳ ಮೇಲೆ ಸೊಸೆ ಅಂಗಡಿಗೆ ಫೋನ್ ಮಾಡಿದಳು. ಮಿಸ್ ಬೆಳಿಗ್ಗೆ ತೀರಿಕೊಂಡರಂತೆ.

"ಎಷ್ಟು ಗಂಟೆಗೆ ತಗೊಂಡ್ಹೋಗ್ತೀರಿ?" ಎಂದು ಕೇಳಿದೆ.

"ಬನ್ನಿ ಅಂತ ಫೋನ್ ಮಾಡಿದ್ದಲ್ಲ ಮೇಡಂ. ಬೇರೆಯವ್ರಿಂದ ಗೊತ್ತಾಗಿ ಬಂದ್ಬಿಟ್ಟೀರ ಅಂತ ಮಾಡ್ದೆ. ನೀವು ಬರೋದು ಬೇಡ ಅಂತ ಅತ್ತೆ ಹೇಳಿದ್ರು."

ನಾನು ಹೋಗಲಿಲ್ಲ. ಅಂದು ಬಾಣಸವಾಡಿಯ ಸೈಕಲ್ ಗುಂಪೊಂದರ ನಾಣ್ಯದ ಡಿಸೈನ್ ಮುಗಿಸಿ ಕೊಡಬೇಕಿತ್ತು. ಮುಗಿಸಿಕೊಟ್ಟೆ.