ನಾನು ಕತ್ತರಿಸಿದ ಅರ್ಥಿಂಗ್ ತಂತಿ

ಕಟಕ್ — ಅಷ್ಟೇ ಸದ್ದು. ದಪ್ಪ ತಂತಿಯೊಂದು ಕಟಿಂಗ್ ಪ್ಲಾಯರಿನ ಬಾಯಲ್ಲಿ ತುಂಡಾದ ಸದ್ದು. ಪ್ಲಾಯರ್ ಹಿಡಿದಿದ್ದ ಕೈ ನನ್ನದು. ಅರ್ಥಿಂಗ್ ತಂತಿಯನ್ನು ಕತ್ತರಿಸಿದವಳು ನಾನು. ಅದನ್ನು ಹಾಕಿಯೇ ಇರಲಿಲ್ಲವೆಂಬ ಕಳಂಕ ಹೊತ್ತವನು ವೈರ್‌ಮನ್ ಗೌತಮ. ಐದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಸಾಲಾಗಿ ಕನ್ಫೆಷನ್ನಿಗೆ ಹೋಗುತ್ತಿದ್ದರು. ಉಳಿದ ನಾವು ಹೊರಗೆ ಬೆಂಚಿನ ಮೇಲೆ ಕುಳಿತು ನಗುತ್ತಿದ್ದೆವು — ಇಷ್ಟು ಪುಟ್ಟವರು ಹೇಳುವುದಾದರೂ ಏನು ಎಂದು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಸರದಿ ಬಂದಿದೆ, ನಗು ಬರುತ್ತಿಲ್ಲ.

ಇಂಡಿ ಊರಿನ ಮನೆಯಲ್ಲಿ ನಾವಿಬ್ಬರೇ — ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ನಾನು, ತೀರಿಹೋದ ನನ್ನ ಯಜಮಾನರ ಅಕ್ಕ ಇಂದಕ್ಕ. ಇಂದಕ್ಕ ಮಡಿಯವಳು. ಬೆಳಿಗ್ಗೆ ಹಿತ್ತಲ ಬಚ್ಚಲಲ್ಲಿ ಮಿಂದು, ಒದ್ದೆ ಸೀರೆಯಲ್ಲೇ, ಬರಿಗಾಲಲ್ಲಿ ನಡುಮನೆ ದಾಟಿ ದೇವರ ಮನೆಗೆ ಹೋಗುತ್ತಿದ್ದಳು. ಆ ಮಡಿಯನ್ನು ನಾನು ‘ನಾನ್‌ಸೆನ್ಸ್’ ಎನ್ನುತ್ತಿದ್ದೆ, ಅವಳೆದುರಿಗೇ.

ಕಂಪ್ಯೂಟರನ್ನು ಕೈಯಾರೆ ಜೋಡಿಸುವ ಹುಚ್ಚು ನನಗೆ ಹತ್ತಿದ್ದು ಅರವತ್ತೇಳರಲ್ಲಿ. ಸೊಲ್ಲಾಪುರದಿಂದ ಒಂದೊಂದೇ ಭಾಗ ತಂದೆ — ಕಬ್ಬಿಣದ ಕ್ಯಾಬಿನೆಟ್, ಬೋರ್ಡು, ಫ್ಯಾನು, ಯಾರೋ ಬಳಸಿ ಬಿಟ್ಟ ಪವರ್ ಸಪ್ಲೈ. ಹಳೆಯದೇ ಸಾಕು ಎಂದವಳೂ ನಾನೇ. ಮನೆಯ ವೈರಿಂಗ್ ಬಹಳ ಹಳೆಯದಾದ್ದರಿಂದ ಸಾಲೋಟಗಿಯ ಗೌತಮನನ್ನು ಕರೆಸಿದೆ. ನನ್ನ ಹತ್ತಿರವೇ ಕಲಿತವನು.

“ಟೀಚರ, ಅರ್ಥಿಂಗ್ ಇಲ್ಲದ ಇದನ್ನ ಚಾಲೂ ಮಾಡಬ್ಯಾಡ್ರಿ. ಕಬ್ಬಿಣದ ಡಬ್ಬಿ ಐತಿ. ಒಳಗ ಏನರ ಕೆಟ್ಟರ ಮುಟ್ಟಿದವರಿಗೇ ಹೊಡಿತೈತಿ,” ಎಂದ.

ನಮ್ಮ ಎರೆಮಣ್ಣು ಬೇಸಿಗೆಗೆ ಬಿರಿಯುತ್ತದೆ. ಬಚ್ಚಲ ನೀರು ಹರಿದು ಸದಾ ಹಸಿಯಾಗಿರುವ ಜಾಗ ತುಳಸಿ ಕಟ್ಟೆಯ ಪಕ್ಕದ್ದೊಂದೇ. ಅಲ್ಲೇ ಕುಣಿ ತೋಡಿ, ಇದ್ದಿಲು, ಉಪ್ಪು ತುಂಬಿ, ಸಲಾಕೆ ಇಳಿಸಿದ. ತಂತಿಯನ್ನು ಕಟ್ಟೆಯ ಬುಡ ಬಳಸಿ ಗೋಡೆಯೊಳಗೆ ತಂದ. ನಾನು ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡಿದೆ.

ಬಾಗಿಲಲ್ಲಿ ನಿಂತು ಇಂದಕ್ಕ, “ಕುಸುಮಾ, ಇನ್ನ ತುಳಸಮ್ಮಗೂ ಕರೆಂಟ್ ಬಿಲ್ ಬರ್ತದೇನು?” ಎಂದಳು.

“ಬಿಲ್ ಬರೂದಿಲ್ರಿ ಅಮ್ಮಾರ. ಹೊಡಿಯೂದನ್ನ ಭೂಮಿಗಿ ಇಳಸೂ ದಾರಿರಿ ಇದು,” ಎಂದು ಗೌತಮ ನಕ್ಕ.

ಅವನು ಹೋದ ಮೇಲೆ ಇಂದಕ್ಕ ಆ ಜಾಗಕ್ಕೆಲ್ಲ ನೀರು ಚಿಮುಕಿಸಿದಳು. ಅವನ ಜಾತಿಯ ಕಾರಣಕ್ಕೆಂದು ನನಗೆ ಗೊತ್ತಿತ್ತು. ನಾನು ಒಳಗೆ ಹೋಗಿ ಕಂಪ್ಯೂಟರ್ ಚಾಲೂ ಮಾಡಿದೆ.

ಆಮೇಲೆ ತುಳಸಿ ಲಗ್ನ ಬಂತು. ಬಾಗೇವಾಡಿಯಿಂದ ನೆಂಟರು ಬರುವವರಿದ್ದರು. ಕಟ್ಟೆಗೆ ಸುಣ್ಣ-ಕೆಮ್ಮಣ್ಣು ಬಳಿದು ರಂಗೋಲಿ ಹಾಕಿದರೆ ನಡುವೆ ಆ ತಂತಿ! ಅವರೇನಂದಾರು — ಮುದುಕಿಯ ಕಂಪ್ಯೂಟರ್ ಶೋಕಿ ಅಂದಾರು... ಮೂರು ದಿನದ ಮಟ್ಟಿಗೆ ತಾನೆ, ಆಮೇಲೆ ಗೌತಮನಿಂದ ಜೋಡಿಸಿಕೊಂಡರಾಯಿತು ಎಂದು ಕತ್ತರಿಸಿದೆ. ತುದಿಯನ್ನು ಗೋಡೆಯ ತೂತಿಗೆ ತುರುಕಿ ಮೇಲೆ ಸುಣ್ಣ ಮೆತ್ತಿದೆ.

ಮೂರು ದಿನ ಮೂರು ವಾರವಾಯಿತು. ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ನಡೆಯುತ್ತಿತ್ತು. ಆದರೆ — ಇದನ್ನು ಬರೆಯಲು ಕೈ ಹಿಂಜರಿಯುತ್ತದೆ — ಒಂದು ದಿನ ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಂ ಎಂದಿತು. ಮರುದಿನವೂ. ನಾನು ಭಯಪಟ್ಟೆ, ಭಯಪಟ್ಟು ಮಾಡಿದ್ದೇನು? ರಬ್ಬರ್ ಚಪ್ಪಲಿ ಹಾಕಿಕೊಂಡು ಕೂತೆ. ಗೌತಮನನ್ನು ಕರೆದರೆ ಕತ್ತರಿಸಿದ್ದನ್ನು ಹೇಳಬೇಕಾಗುತ್ತಿತ್ತು. ಬರಿಗಾಲಿನ ಇಂದಕ್ಕನಿಗೂ ಹೇಳಲಿಲ್ಲ.

ಆ ಬೆಳಿಗ್ಗೆ ಯಂತ್ರ ಚಾಲೂ ಇಟ್ಟು ಹಾಲಿನವನಿಗೆ ಬಾಗಿಲು ತೆರೆಯಲು ಹೋಗಿದ್ದೆ. ಒಳಗೆ ತಾಮ್ರದ ಕೊಡ ಉರುಳಿತು. ಇಂದಕ್ಕ ದೇವರ ಮನೆಯ ಹೊಸ್ತಿಲ ಮೇಲೆ ಬಿದ್ದಿದ್ದಳು. ಹಾದುಹೋಗುವಾಗ ಒದ್ದೆ ಮೊಣಕೈ ನಡುಮನೆಯಲ್ಲಿದ್ದ ಕ್ಯಾಬಿನೆಟ್ಟಿಗೆ ತಾಗಿತ್ತು. ಹಳೆಯ ಪವರ್ ಸಪ್ಲೈಯ ಕರೆಂಟ್ ಕಬ್ಬಿಣಕ್ಕೆ ಬಂದಿತ್ತು. ತಂತಿ ಇದ್ದಿದ್ದರೆ ಫ್ಯೂಜ್ ಹಾರಿ ಅಷ್ಟಕ್ಕೇ ಮುಗಿಯುತ್ತಿತ್ತು. ಜೀವ ಉಳಿಯಿತು. ಸೊಂಟ ಮುರಿಯಿತು.

ಸುದ್ದಿ ಕೇಳಿ ಗೌತಮ ತಾನಾಗಿಯೇ ಓಡಿ ಬಂದ. ಅಂಗಳದಲ್ಲಿ ಓಣಿಯ ಜನ ನೆರೆದಿದ್ದರು. ಪಕ್ಕದ ಮನೆಯ ರಾಮರಾಯರು ಅವನನ್ನು ಒಳಗೆ ಬಿಡಲಿಲ್ಲ. “ಏನಲೇ, ಅರ್ಥಿಂಗ್ ರೊಕ್ಕ ತಗೊಂಡು ಬರೇ ಕುಣಿ ಮುಚ್ಚಿ ಹೋದ್ಯೇನು? ಮುದುಕಿ ಸಾಯ್ತಿದ್ದಳಲ್ಲೋ!”

“ಅರ್ಥಿಂಗ್ ಹಾಕೇನ್ರೀ! ಟೀಚರ ಮುಂದ ಕುಂತು ನೋಡ್ಯಾರ. ಕೇಳ್ರಿ ಅವರನ್ನ.”

ಎಲ್ಲರೂ ನನ್ನತ್ತ ತಿರುಗಿದರು. ಪೊಲೀಸ್, ಕೇಸು, ಇಂದಕ್ಕನ ಶಾಪ... “ನನಗ ನೆನಪಿಲ್ಲ,” ಎಂದೆ.

ಅವನಿಗೆ ನಂಬಲಾಗಲಿಲ್ಲ. “ನೆನಪಿಲ್ಲೇನ್ರಿ? ಹಂಗಾದ್ರ ಹಿತ್ತಲಕ್ಕ ಬರ್ರಿ ಟೀಚರ, ತೋರಸ್ತೇನಿ. ಎರಡ ನಿಮಿಷ.”

ಎರಡು ನಿಮಿಷ. ಸುಣ್ಣ ಕೆದರಿದರೆ ಕತ್ತರಿಸಿದ ತುದಿ ಕಾಣುತ್ತಿತ್ತು. ಆಗ ನನ್ನ ಬಾಯಿಂದ ಬಂದದ್ದು —

“ಬ್ಯಾಡ ಗೌತಮ. ಅಲ್ಲಿ ತುಳಸಿ ಕಟ್ಟಿ ಅದ. ಮಡಿ ಇರ್ತದ. ನೀ ಬರಬ್ಯಾಡ.”

ಆ ಜಾಗವನ್ನು ಅವನೇ ತೋಡಿದ್ದ. ಅಲ್ಲೇ ಕುಳಿತು ನಾನು ಕೊಟ್ಟ ಚಹಾ ಕುಡಿದಿದ್ದ. ನಾನ್‌ಸೆನ್ಸ್ ಎಂದು ಜೀವಮಾನವಿಡೀ ನಕ್ಕಿದ್ದನ್ನೇ ಅವನ ಮುಖಕ್ಕೆ ಬಾಗಿಲಿನ ಹಾಗೆ ಮುಚ್ಚಿದೆ. ಓಣಿಯವರು ತಲೆದೂಗಿದರು. ಗೌತಮ ಟೆಸ್ಟರನ್ನು ಕಿಸೆಗೆ ಹಾಕಿಕೊಂಡು ಹೋಗಿಬಿಟ್ಟ.

ಆಮೇಲೆ ಇಂಡಿಯಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಇಂದಕ್ಕ ವಾಕರ್ ಹಿಡಿದು ಓಡಾಡುವಾಗ ಇಂದಿಗೂ ಅವನನ್ನೇ ಬೈಯುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ಈಗಲೂ ರಬ್ಬರ್ ಚಪ್ಪಲಿ ಹಾಕಿಕೊಂಡೇ ಸ್ವಿಚ್ ಮುಟ್ಟುತ್ತೇನೆ. ಆದರೆ ಕರೆಂಟಿಗಿಂತ ಹೆಚ್ಚಿನ ಹೆದರಿಕೆ ಇಂದಕ್ಕನದು — ಇದನ್ನು ಇವತ್ತೇ ಅವಳಿಗೆ ಓದಿ ಹೇಳುವವಳಿದ್ದೇನೆ. ರಾಮರಾಯರಿಗೂ. ಗೌತಮನ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಇದನ್ನು ಓದಿದವರು ನಾಲ್ಕು ಜನಕ್ಕೆ ಹೇಳಿ.

ಅವನನ್ನು ಕೊನೆಯ ಬಾರಿ ಕಂಡದ್ದು ಸಿಂದಗಿಯಲ್ಲಿ, ಒಂದು ಮದುವೆಯಲ್ಲಿ. ಮಂಗಲ ಕಾರ್ಯಾಲಯದ ಇಕ್ಕಟ್ಟಾದ ಓಣಿಯಂಥ ಹಾದಿಯಲ್ಲಿ ಹೆಗಲ ಮೇಲೆ ಕುರ್ಚಿಗಳನ್ನು ಹೊತ್ತು ಬರುತ್ತಿದ್ದ. ಕೂದಲು ನೆರೆತಿತ್ತು. “ಆರಾಮ ಅದೀರಿ, ಟೀಚರ?” ಎಂದ. ಐ ಆಮ್ ಸಾರಿ — ನಾಲಿಗೆಯ ತುದಿಯಲ್ಲೇ ಇತ್ತು. ಆತ ಗೋಡೆಗೆ ಬೆನ್ನು ಹಚ್ಚಿ ನಿಂತು, “ಹಾಯ್ದು ಹೋಗ್ರಿ,” ಎಂದು ದಾರಿ ಬಿಟ್ಟ. ನಾನು ಹಾದುಹೋದೆ. ದಾಟಿದ ಮೇಲೆ ನೋಡಿಕೊಂಡೆ — ಅವನಿಗೆ ತಾಗದಂತೆ ನನ್ನ ಕೈ ತಾನಾಗಿ ಸೆರಗನ್ನು ಮೈಗೆ ಒತ್ತಿ ಹಿಡಿದಿತ್ತು. ತಿರುಗಿ ನೋಡಿದೆ. ಅವನು ಆ ಕೈಯನ್ನೇ ನೋಡುತ್ತಿದ್ದ.