ಗೋಡೆಯಾಚೆಗೊಂದು ಕೂಗು

ಅವನಿಗೂ ಎಲ್ಲರ ಹಾಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಕೋರ್ಟಿನ ಬಾಗಿಲಲ್ಲಿ ನಿಂತು ಮೂವತ್ತೊಂದು ವರ್ಷ ಊರವರ ಹೆಸರೆಲ್ಲ ಕೂಗಿ ಕೂಗಿ, ಅವನ ಹೆಸರು ಎಲ್ಲೋ ಬಿದ್ದುಹೋಗಿತ್ತು. ವಕೀಲರಿಗೂ ಕೂಗಣ್ಣ, ಮರದ ಕೆಳಗೆ ಅರ್ಜಿ ಟೈಪು ಮಾಡುವವನಿಗೂ ಕೂಗಣ್ಣ. ಹೆಂಡತಿಗೆ ಬರೀ ‘ರೀ’.

ಒಂದೇ ಕೋರ್ಟು, ಒಂದೇ ಬಾಗಿಲು, ಕೂಗುವವನೂ ಒಬ್ಬನೇ. ಬಾಗಿಲ ಮುಂದೆ ಉದ್ದನೆಯ ಜಗಲಿ, ಅದರಾಚೆ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ, ಇನ್ನೂ ಆಚೆ ಕ್ಯಾಂಟೀನು. ಒಬ್ಬೊಬ್ಬರನ್ನೂ ಮೂರು ಸಲ ಕೂಗಬೇಕೆಂಬುದು ಪದ್ಧತಿ. ಮೊದಲನೆಯ ಕೂಗು ಜಗಲಿಗೆ, ಎರಡನೆಯದು ಚಪ್ಪರಕ್ಕೆ, ಮೂರನೆಯದು ಕ್ಯಾಂಟೀನಿಗೆ ಎಂದು ಕೂಗಣ್ಣ ಲೆಕ್ಕ ಇಟ್ಟುಕೊಂಡಿದ್ದ. ಅರ್ಧ ಲೋಟ ಚಹಾ ಹಾಗೇ ಬಿಟ್ಟು ಎದ್ದುಬಿದ್ದು ಓಡಿಬರುವವರನ್ನು ನೋಡಿದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಒಮ್ಮೆ ಹೊಸದಾಗಿ ಕೋಟು ತೊಟ್ಟ ವಕೀಲನೊಬ್ಬ ಕಿವಿಗೆ ಬೆರಳಿಟ್ಟುಕೊಂಡು, “ಅದ್ಯಾಕೆ ಹಾಗೆ ಅರಚ್ತೀಯ ಕೂಗಣ್ಣ?” ಎಂದುಬಿಟ್ಟ. ಅಯ್ಯೋ, ಕೇಳಬಾರದಾಗಿತ್ತು!

“ಅರಚೋದು ಬೇರೆ, ಕೂಗೋದು ಬೇರೆ ಸ್ವಾಮಿ. ಪೆಟ್ಟು ಬಿದ್ದವನು ಅರಚ್ತಾನೆ. ಜಿರಳೆ ಕಂಡವರು ಕಿರುಚ್ತಾರೆ. ಬಸ್ಸು ತಪ್ಪಿದವನು ಬೊಬ್ಬೆ ಹೊಡೀತಾನೆ. ಅದಕ್ಕೆಲ್ಲ ಬಾಯಿದ್ರೆ ಸಾಕು. ಕೂಗೋದಕ್ಕೆ ಆಚೆ ಕಡೆ ಒಬ್ಬ ಬೇಕು.”

“ಹಾಗಾದ್ರೆ ನಮ್ಮನೆ ಕುಕ್ಕರ್ ಕೂಗೋದು ಯಾರನ್ನ?”

“ನಿಮ್ಮನ್ನೇ. ಎದ್ದು ಒಲೆ ಆರಿಸಿ ಅಂತ. ನೀವು ಏಳಲ್ಲ, ಅದು ಬೇರೆ ವಿಷ್ಯ.”

“ಕೋಳಿ?”

“ಅದು ಹೊದ್ದು ಮಲಗಿರೋರನ್ನೆಲ್ಲ ಒಟ್ಟಿಗೇ ಕೂಗುತ್ತೆ. ಅದಕ್ಕೇ ಯಾರೂ ಏಳಲ್ಲ.”

ಜಗಲಿಯೆಲ್ಲ ನಗು. ವಕೀಲ ತೆಪ್ಪಗೆ ಒಳಗೆ ಹೋದ.

ಇಂಥ ಮನುಷ್ಯ ಮನೆಯಲ್ಲಿ ಮಾತ್ರ ಬೆಕ್ಕಿನ ಹಾಗೆ. “ಉಪ್ಪು” ಎಂದು ಕೇಳಿದರೂ ಪಕ್ಕದಲ್ಲಿ ಕೂತವರು ಬಗ್ಗಿ ಆಲಿಸಬೇಕು. ಯಾಕೆಂದರೆ, “ಗಂಟಲು ಸರ್ಕಾರದ್ದು ಕಣೇ, ಮನೇಲಿ ಸವೆಸಬಾರದು.” ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಗಂಟಲು ಪಳಗಿದ್ದು ಮಾತ್ರ ಸರ್ಕಾರದ ಕೆಲಸದಲ್ಲಲ್ಲ. ಚಿಕ್ಕಂದಿನಲ್ಲಿ ಅಮ್ಮ ತಟ್ಟೆ ಇಡುತ್ತಾ “ತಮ್ಮನ್ನ ಕೂಗೋ” ಅನ್ನುತ್ತಿದ್ದಳು. ಇವನು ಹೊಸ್ತಿಲ ಮೇಲೆ ನಿಂತು, ಎರಡು ಕೈಯನ್ನೂ ಬಾಯಿಗಿಟ್ಟು, “ಪುಟ್ಟಾ... ಬಾರೋ ಮನೆಗೇ...” ಎಂದು ಒಂದು ಕೂಗು ಹಾಕಿದರೆ, ಮೂರು ಬಯಲಾಚೆ ಆಡುತ್ತಿದ್ದ ಹುಡುಗ ಚೆಂಡು ಎಸೆದು ಓಡಿಬರುತ್ತಿದ್ದ. ಆ ಪುಟ್ಟನಿಗೆ ಈಗ ಐವತ್ತೈದು. ಮನೆಯ ಮುಂಭಾಗದಲ್ಲೇ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಮೊಮ್ಮಗಳಿದ್ದಾಳೆ, ಇರುವುದು ಅಪ್ಪನ ಮನೆಯ ಇನ್ನರ್ಧದಲ್ಲೇ. ನಡುವೆ ಒಂದು ಇಟ್ಟಿಗೆಯ ಗೋಡೆ. ಕೂಗಳತೆ ಯಾಕೆ, ಪಿಸುಗುಟ್ಟಿದರೂ ಕೇಳುವಷ್ಟು ದೂರ.

ಪಾಲಾದಾಗ ತಾರಸಿಯ ಮೆಟ್ಟಿಲು ತಮ್ಮನ ಕಡೆಗೆ ಬಂದಿತ್ತು. ಆದರೂ ಬಟ್ಟೆ ಒಣಗಿಸಲು ಎರಡೂ ಮನೆಯವರು ಅದನ್ನೇ ಹತ್ತುತ್ತಿದ್ದರು. ಆರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕೂಗಣ್ಣ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹೋದರೆ ಮೆಟ್ಟಿಲ ಬಾಗಿಲಿಗೆ ಬೀಗ! ಹೊಚ್ಚಹೊಸ ಬೀಗ.

“ಒಂದು ಕೂಗು ಹಾಕ್ರೀ,” ಎಂದಳು ಹೆಂಡತಿ. “ಒಳಗೇ ಇದಾನೆ. ಪಂಪು ಹೊಡೀತಿರೋದು ಕೇಳ್ತಿಲ್ವಾ?”

“ಬೀಗ ಹಾಕಿದವನಿಗೆ ಹೇಳಬೇಕು ಅನ್ನಿಸ್ಲಿಲ್ಲ. ನಾನ್ಯಾಕೆ ಕೂಗ್ಲಿ?”

ಮೂಗಿನ ತುದಿಯಲ್ಲೇ ಕೋಪ. ಆ ವಾರವೇ ತಮ್ಮನಿಗೆ ವಕೀಲರ ನೋಟೀಸು ಹೋಯಿತು. ಉತ್ತರವಾಗಿ ಇನ್ನೊಂದು ನೋಟೀಸು ಬಂತು. ಕೂಗಣ್ಣ ತಾನು ಕೂಗುವ ಕೋರ್ಟಿನಲ್ಲೇ ಕೇಸು ಹಾಕಿದ. ಅಲ್ಲ, ದಿನಕ್ಕೆ ನೂರು ಜನರನ್ನು ಕೂಗುವವನಿಗೆ ಒಡಹುಟ್ಟಿದವನನ್ನು ಕೂಗಲು ನಾಲಿಗೆ ಏಳಲಿಲ್ಲವೆಂದರೆ ಏನು ಹೇಳುವುದು! ಅಂದಿನಿಂದ ಬಟ್ಟೆಗಳು ನಡುಮನೆಯಲ್ಲೇ ಒಣಗಿ ಮುಗ್ಗಲು ವಾಸನೆ ಹೊಡೆಯುತ್ತಿದ್ದವು. ಕೇಸು ಗೆದ್ದರೆ ಮೆಟ್ಟಿಲು ಸಿಗುತ್ತದೆ, ತಮ್ಮ ಸಿಗುವುದಿಲ್ಲ; ಸೋತರೆ ಎರಡೂ ಇಲ್ಲ. ಇದು ಕೂಗಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಕೋರ್ಟಿಗೆ ಹೋಗುವಾಗ ಸೈಕಲ್ ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆಯುತ್ತಿದ್ದ.

ಕೇಸಿನ ದಿನ ಬಂತು. “ಹೆಸರು ಕೂಗಿದಾಗ ಹಾಜರಿರು ಮಾರಾಯ, ಇಲ್ಲದಿದ್ರೆ ವಜಾ ಆಗುತ್ತೆ,” ಎಂದು ಅವನ ವಕೀಲರು ಎಚ್ಚರಿಸಿದರು. “ಯಾರಿಗೆ ಹೇಳ್ತಿದೀರಿ ಸ್ವಾಮಿ!” ಎಂದು ಕೂಗಣ್ಣ ನಕ್ಕ. ಕೂಗಲು ಬೇರೆ ಆಳಿಲ್ಲದ್ದರಿಂದ ಅವನಿಗೆ ರಜೆಯೂ ಇಲ್ಲ. ನ್ಯಾಯಾಧೀಶೆ ಮೇಡಂ, “ನೀವೇ ಕೂಗಿ, ಆಮೇಲೆ ಒಳಗೆ ಬಂದು ನಿಂತ್ಕೊಳ್ಳಿ,” ಅಂದಿದ್ದರು.

ಹನ್ನೊಂದೂವರೆಗೆ ಗುಮಾಸ್ತರು ಚೀಟಿ ಕೊಟ್ಟರು. ಅಷ್ಟು ಹೊತ್ತಿಗೆ ಹದಿನೇಳು ಕೇಸು ಕೂಗಿಯಾಗಿತ್ತು. ಕಣ್ಣು ಬೇರೆ ಆಗಿನಿಂದ ಚಪ್ಪರದ ಕೆಳಗೇ ಇತ್ತು. ಅಲ್ಲಿ ತಮ್ಮ ಬೆನ್ನು ತಿರುಗಿಸಿ ಕೂತಿದ್ದ. ಕೂಗಣ್ಣ ಚೀಟಿಯಲ್ಲಿದ್ದ ವಾದಿಯ ಹೆಸರನ್ನು ತಂದೆಯ ಹೆಸರಿನ ಸಮೇತ ಜಗಲಿಗೆ ಕೂಗಿದ. ಯಾರೂ ಬರಲಿಲ್ಲ. ಎಲ್ಲೋ ಕೇಳಿದ ಹೆಸರು ಅನ್ನಿಸಿತು. ಚಪ್ಪರಕ್ಕೆ ಕೂಗಿದ. ಕ್ಯಾಂಟೀನಿಗೂ ಕೂಗಿದ. ಎಂಥ ಬೇಜವಾಬ್ದಾರಿ ಜನ ಎಂದು ಗೊಣಗುತ್ತಾ ಒಳಗೆ ಹೋಗಿ, ಕೈಕಟ್ಟಿ ವರದಿ ಒಪ್ಪಿಸಿದ:

“ವಾದಿ ಗೈರು, ಮೇಡಂ.”

ಗುಮಾಸ್ತರು ಪೆನ್ನು ಕೆಳಗಿಟ್ಟರು. ವಕೀಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆ ನಗು! ಹೊಸ ಕೋಟಿನ ವಕೀಲ ಬೆಂಚು ಗುದ್ದಿ ಗುದ್ದಿ ನಕ್ಕ. ಮೇಡಂ ಕಡತದಿಂದ ಮುಖ ಮರೆಮಾಡಿಕೊಂಡು, “ಹಾಗಾದ್ರೆ ನೀವ್ಯಾರು?” ಎಂದರು.

ಕೂಗಣ್ಣ ಚೀಟಿ ನೋಡಿದ. ಬೆವರಿಳಿಯಿತು. “ತಪ್ಪಾಯ್ತು ಮೇಡಂ. ಯಾರೂ ಈ ಹೆಸರಲ್ಲಿ ಕರೆಯೋದಿಲ್ಲ...”

“ಆಮೇಲೆ ನೋಡೋಣ. ಪ್ರತಿವಾದೀನ ಕೂಗಿ. ಅವರಾದ್ರೂ ಇದಾರಾ?”

ಕೂಗಣ್ಣ ಜಗಲಿಗೆ ಬಂದ. ಗಲಿಬಿಲಿಯಲ್ಲಿ ಚೀಟಿಯ ಅಕ್ಷರ ಒಂದೂ ಕಾಣಲಿಲ್ಲ. ಚಪ್ಪರದ ಕೆಳಗಿನ ಬೆನ್ನು ಮಾತ್ರ ಕಾಣುತ್ತಿತ್ತು. ಅಮ್ಮ ಬೈದಾಗ ಹೀಗೇ ಮುದುಡಿ ಕೂರುತ್ತಿದ್ದ. ಕೈಗಳು ತಾವಾಗಿಯೇ ಬಾಯಿಗೆ ಹೋದವು.

“ಪುಟ್ಟಾ... ಬಾರೋ ಮನೆಗೇ...”

ಕ್ಯಾಂಟೀನಿನ ತನಕ ಎಲ್ಲರೂ ತಿರುಗಿದರು. ಚಪ್ಪರದ ಕೆಳಗಿನ ನರೆತ ತಲೆ ತಟ್ಟನೆ ಎದ್ದಿತು. “ಬಂದೇ ಅಣ್ಣಾ!” ಎಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದವನು, ಜಗಲಿ ಹತ್ತಿದ ಮೇಲೆಯೇ ತಾನು ಎಲ್ಲಿದ್ದೇನೆಂದು ನೆನಪಾಗಿ ನಿಂತುಬಿಟ್ಟ.

ಕೂಗಣ್ಣನ ಹಿಂದೆಯೇ ಒಳಗೆ ಬಂದು, ಮೇಡಂ ಏನೋ ಕೇಳುವ ಮೊದಲೇ ಅವನು ಜೇಬಿನಿಂದ ಕೀಲಿ ತೆಗೆದು ಅಣ್ಣನ ಕೈಗೆ ತುರುಕಿದ.

“ಮೊಮ್ಮಗಳು ಅಂಬೆಗಾಲಲ್ಲಿ ಮೆಟ್ಟಿಲು ಹತ್ತೋಕೆ ಶುರು ಮಾಡಿದ್ಲು. ಅದಕ್ಕೆ ಬೀಗ ಹಾಕ್ದೆ. ಈ ಕೀಲಿ ಅವತ್ತೇ ನಿನಗಂತ ಮಾಡಿಸಿದ್ದು. ಆರು ತಿಂಗಳಿಂದ ಜೇಬಲ್ಲೇ ಇದೆ. ನೋಟೀಸು ಬಂದ ಮೇಲೆ ನಂಗೂ ರೋಷ ಬಂತು. ಗೋಡೆ ಆಚೆಯಿಂದ ಒಂದೇ ಒಂದು ಕೂಗು ಹಾಕಿದ್ರೆ ಓಡಿ ಬರ್ತಿದ್ನಲ್ಲೋ!”

ಕೂಗಣ್ಣ ಶಲ್ಯದಲ್ಲಿ ಮುಖ ಒರೆಸಿಕೊಂಡ. ತಮ್ಮನ ಭುಜ ಗಟ್ಟಿಯಾಗಿ ಹಿಡಿದುಕೊಂಡ.

ಮೇಡಂ ಕನ್ನಡಕ ಒರೆಸಿ, “ಏನು ಮಾಡೋಣ?” ಎಂದು ಕೇಳಿದರು.

ಕೂಗಣ್ಣ ನೆಟ್ಟಗೆ ನಿಂತ. “ಮೂರು ಸಲ ಕೂಗಿದೀನಿ ಮೇಡಂ. ವಾದಿ ಬರ್ಲಿಲ್ಲ.”

“ವಾದಿ ಗೈರು,” ಎಂದರು ಮೇಡಂ, ಗುಮಾಸ್ತರ ಕಡೆ ತಿರುಗಿ. “ಕೇಸು ವಜಾ ಅಂತ ಬರ್ಕೊಳ್ಳಿ.”

ಈಗ ಆ ಕೀಲಿ ಕೂಗಣ್ಣನ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಆದರೂ ದಿನಾ ಬೆಳಿಗ್ಗೆ ಅವನು ಬಕೆಟ್ ಹಿಡಿದು ಗೋಡೆಯ ಪಕ್ಕ ನಿಂತು, ಬೀದಿಗೆ ಬೀದಿಯೇ ಎಚ್ಚರಾಗುವ ಹಾಗೆ, “ಪುಟ್ಟಾ... ಬಾಗಿಲು ತೆಗೆಯೋ...” ಎಂದು ಕೂಗುತ್ತಾನೆ.

“ಕೀಲಿ ಇಲ್ಲೇ ಇದೆಯಲ್ರೀ, ಸರ್ಕಾರದ ಗಂಟಲು ಸವೆಯಲ್ವಾ?” ಎನ್ನುತ್ತಾಳೆ ಹೆಂಡತಿ.

“ಸವೀಲಿ ಬಿಡೇ,” ಎನ್ನುತ್ತಾನೆ ಕೂಗಣ್ಣ. ಅಷ್ಟರಲ್ಲಿ ಗೋಡೆಯಾಚೆ ಪಂಪು ಹೊಡೆಯುವ ಸದ್ದು ನಿಲ್ಲುತ್ತದೆ.

“ಬಂದೇ ಅಣ್ಣಾ!”