ಅಮೀನ್‌ಸಾಬರ ಸೈಕಲ್ಲೂ ಸಕೀನಾಬೀಯ ಭಾರವೂ

ನಮ್ಮ ತುರ್ವಿಹಾಳದಲ್ಲಿ ಈಗ ಮನೆಗೆರಡು ಮೋಟಾರ್ ಸೈಕಲ್ ಇವೆ. ಆದರೆ ಬಳೆಗಾರ ಅಮೀನ್‌ಸಾಬರು ಇನ್ನೂ ಸೈಕಲ್ ಬಿಟ್ಟಿಲ್ಲ. ಮೋಟಾರ್ ಮೇಲೆ ಹೋದರೆ ಹೆಣ್ಣುಮಕ್ಕಳು ಕರೆದದ್ದು ಕೇಳಿಸುವುದಿಲ್ಲವಂತೆ. ಬಸ್ ಸ್ಟ್ಯಾಂಡಿನ ಎದುರು ನನ್ನ ಚಹಾದಂಗಡಿ ಇರುವುದರಿಂದ ದಿನಾ ಬೆಳಿಗ್ಗೆ ಅವರ ಸವಾರಿ ನನ್ನ ಕಣ್ಣ ಮುಂದೆಯೇ ಹೊರಡುತ್ತಿತ್ತು. ಹ್ಯಾಂಡಲ್ಲಿಗೆ ಬಣ್ಣಬಣ್ಣದ ಬಳೆ ಸರ, ಮುಂದಿನ ಬುಟ್ಟಿಯಲ್ಲಿ ಗಾಜಿನ ಬಳೆಯ ಡಬ್ಬಿಗಳು, ಹಿಂದೆ ಕ್ಯಾರಿಯರ್ ಮೇಲೆ ಹೆಂಡತಿ ಸಕೀನಾಬೀ.

ಅವರು ಒಣಕಲು ಮನುಷ್ಯ, ಆಕೆ ಮೈಕೈ ತುಂಬಿಕೊಂಡವರು. ಕಾಲುವೆ ದಂಡೆಯ ಹಳ್ಳಿಗಳಲ್ಲಿ ಬಳೆ ಆರಿಸಿಕೊಡುವುದು, ಮಾತಾಡುವುದು ಅವರ ಕೆಲಸ. ಕೈಗೆ ಇಡುವುದು ಆಕೆಯ ಕೆಲಸ. ಎಂಥ ದಪ್ಪ ಕೈಯಾದರೂ ಒಂದೂ ಬಳೆ ಒಡೆಯದಂತೆ ಏರಿಸುತ್ತಾರೆ. ಕೂತ ಹೆಣ್ಣುಮಗಳು ಮುಷ್ಟಿ ಬಿಗಿ ಹಿಡಿದರೆ ಅಮೀನ್‌ಸಾಬರು ಪಕ್ಕದಿಂದಲೇ ಹೇಳುವರು: "ಕೈ ಸಡಿಲ ಬಿಡು ತಂಗಿ. ಬಿಗಿದ್ರ ಒಡಿತೈತಿ, ಸಡಿಲ ಬಿಟ್ರ ಉಳಿತೈತಿ."

ಈ ಮಾತನ್ನು ಅವರು ಬಳೆಗಷ್ಟೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಮನೆಯ ಚಿಲಕದಿಂದ ಹಿಡಿದು ತಲೆಯ ರುಮಾಲಿನವರೆಗೆ ಅವರ ಬದುಕಿನಲ್ಲಿ ಬಿಗಿಯಾದದ್ದು ಒಂದೂ ಇಲ್ಲ. ಆ ರುಮಾಲು ನನ್ನ ಚಹಾದ ಪಾತ್ರೆಗೆ ಬಿದ್ದದ್ದೂ ಉಂಟು. ನಾನು ಬಾಯಿಗೆ ಬಂದಂತೆ ಬೈದೆ. ಅವರು ನಕ್ಕು ಅದನ್ನೇ ಹಿಂಡಿ ಮತ್ತೆ ಸಡಿಲಾಗಿ ಸುತ್ತಿಕೊಂಡರು.

ಈ ಸಲ ಭತ್ತದ ಕೊಯ್ಲಿನ ಹೊತ್ತಿಗೆ ಸೈಕಲ್ಲಿನ ಹಿಂದಿನ ಗಾಲಿಯ ಕಡ್ಡಿಗಳು ಮುರಿಯತೊಡಗಿದವು. ಒಂದು ವಾರ ಒಂದು ಕಡ್ಡಿ ಹೋದರೆ ಮುಂದಿನ ವಾರ ಇನ್ನೊಂದು. ನನ್ನ ಪಕ್ಕದ ಅಂಗಡಿಯ ಕನಕರಾಯ ಸೈಕಲ್, ಮೋಟಾರ್ ಎರಡನ್ನೂ ರಿಪೇರಿ ಮಾಡುವವನು. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮೋಟಾರುಗಳ ಗಡಿಬಿಡಿಯಲ್ಲಿ ಮುರಿದ ಕಡ್ಡಿಯ ಜಾಗಕ್ಕೆ ಹೊಸದೊಂದನ್ನು ಸಿಕ್ಕಿಸಿ ಕಳಿಸಿಬಿಡುತ್ತಿದ್ದ. ಉಳಿದವುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ದಿನ ಬಸ್ಸಿಗೆ ನಿಂತ ಮಂದಿಯ ಎದುರಿಗೇ ಅಂದ: "ಕಡ್ಡಿ ಏನ್ ಮಾಡ್ತಾವ್ರೀ ಪಾಪ. ಮ್ಯಾಲೆ ಕುಂತ ಭಾರ ನೋಡ್ರಿ."

ಮಂದಿ ನಕ್ಕರು. ಸಕೀನಾಬೀಯೂ ನಕ್ಕರು, ಆದರೆ ಮುಖ ಸಣ್ಣದಾಯಿತು. ಮರುದಿನದಿಂದ ಸೈಕಲ್ ಹತ್ತಲಿಲ್ಲ. ಬಸ್ಸು ಇದ್ದ ಊರಿಗೆ ಬಸ್ಸಿನಲ್ಲಿ ಹೋದರು, ಇಲ್ಲದ ಊರನ್ನು ಬಿಟ್ಟೇಬಿಟ್ಟರು. ನನ್ನ ಅಂಗಡಿಯಲ್ಲಿ ಮಿರ್ಚಿ ಭಜಿ ಕೊಟ್ಟರೆ, "ಬ್ಯಾಡ ಉಮಾ, ಮೊದಲೇ ಭಾರ ಆಗೀನಿ" ಎಂದು ತಟ್ಟೆ ಆಚೆ ಸರಿಸಿದರು. ಆ ಸಿಟ್ಟಿಗೆ ನಾನು ಕನಕರಾಯನಿಗೆ ಒಂದು ವಾರ ಸಕ್ಕರೆ ಇಲ್ಲದ ಚಹಾ ಕೊಟ್ಟೆ. ಆ ಪುಣ್ಯಾತ್ಮ ಅದನ್ನೂ ಗಮನಿಸದೆ ಕುಡಿದ.

ಬಸ್ಸಿಲ್ಲದ ಊರುಗಳಿಗೆ ಒಂಟಿಯಾಗಿ ಹೋದ ಅಮೀನ್‌ಸಾಬರಿಗೆ ಎಲ್ಲ ಕಡೆಯೂ ಒಂದೇ ಪ್ರಶ್ನೆ: ಅಕ್ಕ ಯಾಕ ಬಂದಿಲ್ಲ? ಹೊಸ ಸೊಸೆಯಂದಿರು ಅವರ ಮುಂದೆ ಕೈ ಚಾಚಲು ನಾಚಿದರು. ಡಬ್ಬಿಗಳು ಹೋದ ಹಾಗೇ ತುಂಬಿಕೊಂಡು ವಾಪಸು ಬರುತ್ತಿದ್ದವು. ಹೀಗೇ ಆದರೆ ಆ ಜೋಡಿಯ ವ್ಯಾಪಾರ ಮುಗಿದಂತೆಯೇ ಎಂದು ನನಗೂ ಭಯವಾಯಿತು.

ಅಷ್ಟರಲ್ಲಿ ಸಿಂಧನೂರು ರಸ್ತೆಯ ಹಳ್ಳಿಯೊಂದರಿಂದ ಕರೆ ಬಂತು. ಅಲ್ಲಿನ ಅಮರೇಶ್ವರಿಗೆ ಕುಬಸದ ದಿನ. ಬಸುರಿಯ ಕೈಗೆ ಹಸಿರು ಬಳೆ ಇಡಲು ಸಕೀನಾಕ್ಕನೇ ಬರಬೇಕೆಂದು ಅವಳ ಹಟ. ಆ ಬೆಳಿಗ್ಗೆ ಸಕೀನಾಬೀ ನನ್ನ ಅಂಗಡಿಯ ಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತಿದ್ದರು. ಅಮೀನ್‌ಸಾಬರು ಬಳೆ ಡಬ್ಬಿಯನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಬಂದರು. ಅಂಗಡಿಯ ಮುಂದೆ ಬರುವಷ್ಟರಲ್ಲಿ ಗಾಲಿಯಲ್ಲಿ ಇನ್ನೊಂದು ಕಡ್ಡಿ ಟಣ್ ಎಂದು ಮುರಿಯಿತು.

ನಾನು ಒಲೆ ಬಿಟ್ಟು ಹೊರಗೆ ಬಂದೆ. "ಕನಕರಾಯ, ಈಗ ಹೇಳಪಾ. ಇವತ್ತು ಯಾರ ಭಾರಕ್ಕ ಮುರೀತು? ಬಳಿ ಭಾರಕ್ಕೇನು?"

ಅವನು ತಲೆ ಕೆರೆದುಕೊಂಡು ಬಂದ. ಈ ಸಲ ಗಾಲಿಯನ್ನೇ ಬಿಚ್ಚಿ ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿದ. ಒಂದೂ ದನಿ ಕೊಡಲಿಲ್ಲ, ಎಲ್ಲ ಸತ್ತಂತೆ ಡಬ್ ಡಬ್ ಎಂದವು.

"ಇವನ್ನ ಸಡಿಲ ಮಾಡಿದವ್ರು ಯಾರ್ರೀ?"

"ನಾನ," ಎಂದರು ಅಮೀನ್‌ಸಾಬರು, ಹೆಮ್ಮೆಯಿಂದಲೇ. ಜೇಬಿನಿಂದ ಕಡ್ಡಿ ತಿರುವುವ ಕೀಲಿ ತೆಗೆದು ತೋರಿಸಿದರು. "ವಾರಕ್ಕೊಮ್ಮೆ ಒಂಚೂರು ಬಿಡ್ತೀನಿ. ಮುರಿಯಾಕ ಹತ್ತಿದ ಮ್ಯಾಲೆ ಇನ್ನೊಂಚೂರು ಜಾಸ್ತಿ ಬಿಟ್ಟೀನಿ."

"ಯಾಕ್ರೀ ಮಾರಾಯ್ರ?"

"ಕಾಲುವಿ ದಂಡಿ ದಾರ್ಯಾಗ ಬರೇ ತೆಗ್ಗು. ಈಕಿ ನಡಾ ನೋಯ್ತೈತಿ ಅಂತಿದ್ಳು. ಗಾಲಿ ಸಡಿಲಿದ್ರ ಮೆತ್ತಗ ಹೋಗ್ತೈತಿ, ಏಟು ಈಕಿಗೆ ಬಡಿಯಂಗಿಲ್ಲ ಅಂತ ಮಾಡಿದೆ."

ಕನಕರಾಯ ಹಣೆ ಚಚ್ಚಿಕೊಂಡ. ಮುರಿದ ಕಡ್ಡಿ ಎತ್ತಿ ಹಿಡಿದ. ಅದು ನಡುವೆ ಮುರಿದಿರಲಿಲ್ಲ, ಗಾಲಿಯ ಮಧ್ಯದ ಹಬ್ಬಿನ ತೂತಿನಲ್ಲಿ ಕೂರುವ ಬಾಗಿದ ಕುತ್ತಿಗೆಯ ಹತ್ತಿರ ತುಂಡಾಗಿತ್ತು. "ನೋಡ್ರಿ. ಬಿಗಿ ಇದ್ದ ಕಡ್ಡಿ ಕುಂತಲ್ಲೇ ಕುಂದ್ರತೈತಿ. ಸಡಿಲಿದ್ದದ್ದು ಗಾಲಿ ಒಂದ್ ಸುತ್ತ ತಿರುಗಿದ್ರ ಒಮ್ಮೆ ಕುತ್ತಿಗಿ ಅಲ್ಲಾಡಸ್ತೈತಿ. ತಂತಿನ ಹಿಂದ ಮುಂದ ಬಗ್ಗಿಸಿ ಬಗ್ಗಿಸಿ ಮುರಿಯಂಗಿಲ್ಲೇನು? ಹಂಗ. ಭಾರ ಎಲ್ಲಾ ಕಡ್ಡಿ ಕೂಡಿ ಹೊತ್ರ ಕ್ವಿಂಟಲ್ ಚೀಲಾನೂ ಹೊರ್ತಾವ."

"ಹಂಗಾದ್ರ ಎಲ್ಲಾ ಬಿಗಿದ್ಬಿಡು," ಎಂದೆ ನಾನು.

"ಸಿಟ್ಟಿನಾಗ ಬಿಗಿದ್ರ ರಿಮ್ ಸೊಟ್ಟ ಆಗತೈತಿ ಉಮಕ್ಕ. ಎಲ್ಲಾ ಒಂದ ಸಮ ಇರಬೇಕು, ಮೀಟಿದ್ರ ಒಂದ ದನಿ ಬರಬೇಕು. ಉಳಿದ ಹಳೇವು ಮ್ಯಾಲೆ ಚಲೋ ಕಾಣ್ತಾವ, ಒಳಗ ಕುತ್ತಿಗಿ ಸೀಳಿರತಾವ. ಎಲ್ಲಾ ತಗದು ದಪ್ಪನ್ನ ಕಡ್ಡಿ ಹಾಕ್ತೀನಿ. ನಡಾ ನೋವಿಗೆ ಕ್ಯಾರಿಯರ್ ಮ್ಯಾಲೆ ಸ್ಪಂಜಿನ ಸೀಟ್ ಹಾಕಿಸ್ರಿ." ಆಮೇಲೆ ಸಕೀನಾಬೀಯ ಕಡೆ ತಿರುಗಿ ದನಿ ಇಳಿಸಿದ. "ಅವತ್ತು ಅಂದದ್ದು ತಪ್ಪಾತ್ರಿ ಅಕ್ಕ."

ಸಕೀನಾಬೀ ಅವನನ್ನು ನೋಡಲೇ ಇಲ್ಲ. ಗಂಡನನ್ನೇ ನೋಡುತ್ತಿದ್ದರು. "ಮಂದಿ ಅಂದಾಗ ನೀವೂ ನನ್ನ ಭಾರಕ್ಕ ಅಂತ ತಿಳಿದಿದ್ರೇನು?"

"ತುಳಿಯಾವ ನಾನು," ಎಂದರು ಅಮೀನ್‌ಸಾಬರು. "ನೀ ಭಾರ ಇದ್ರ ನನ್ನ ಕಾಲಿಗೆ ಗೊತ್ತಾಗ್ತಿರಲಿಲ್ಲೇನು? ನೀ ಇಳಿದ ಮ್ಯಾಲೇ ಸೈಕಲ್ ಮುಂದಕ್ಕ ಹೋಗವಲ್ದು."

ಬಳೆ ಮಾರುವಾಗ ನೂರು ಮಾತಾಡುವ ಮನುಷ್ಯ, ಹೆಂಡತಿಗೆಂದು ಒಂದು ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ. ನನಗೆ ಕಣ್ಣು ತುಂಬಿತು. ಹೊಗೆ ಎಂದು ಹೇಳೋಣವೆಂದರೆ ಒಲೆ ಗ್ಯಾಸಿನದು.

ಕನಕರಾಯ ಎರಡು ಮೋಟಾರುಗಳನ್ನು ಬದಿಗೆ ತಳ್ಳಿ ಗಾಲಿ ಹಿಡಿದು ಕೂತ. ಸಿಂಧನೂರು ಬಸ್ಸು ಬಂತು. ಕಂಡಕ್ಟರ್ ಸಕೀನಾಬೀಯ ಗಂಟು ನೋಡಿ ಹತ್ತಲು ಕರೆದ. ಅವರು ಕೈ ಅಲ್ಲಾಡಿಸಿ ಹೋಗು ಎಂದರು. ಇನ್ನೊಂದು ಬಸ್ಸೂ ಬಂದು ಹೋಯಿತು. ಅಷ್ಟರಲ್ಲಿ ಕುಬಸದ ಮನೆಯಿಂದ ಫೋನು.

"ಬರ್ತೀನವ್ವ," ಎಂದರು ಸಕೀನಾಬೀ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ. "ಸ್ವಲ್ಪ ತಡ ಆಗತೈತಿ. ಬಸ್ಸಿಗಲ್ಲ, ನಮ್ಮ ಮನಿಯವ್ರ ಹಿಂದ ಕುಂತು ಬರಾಕತ್ತೀನಿ."